ಹಿಂದಿನ ಮೂಲೆಯ ಎರಡು ಜಾಕಿ

ನನ್ನ ಕೆಲಸ ಏನೆಂದು ಮನೆಯವರಿಗೆ ಅರ್ಥ ಮಾಡಿಸಲು ನನಗೆ ಇವತ್ತಿನವರೆಗೆ ಆಗಿಲ್ಲ. ಕಟ್ಟಡ ಕಟ್ಟಿಸುವವರು ಬೇರೆ ಇದ್ದಾರೆ. ಆ ಕಟ್ಟಡ ತನ್ನ ಕಾಲ ಮೇಲೆ ತಾನು ನಿಲ್ಲುವವರೆಗೆ ಅದನ್ನು ಹೊತ್ತು ನಿಲ್ಲುತ್ತವಲ್ಲ, ಸೆಂಟ್ರಿಂಗ್ ಹಲಗೆ, ಅದರಡಿಯ ಕಬ್ಬಿಣದ ಜಾಕಿ, ಹೊರಗಿನ ಸಾರುವೆ, ಪಾಯದ ಗುಂಡಿಯ ಮಣ್ಣು ಜರಿಯದಂತೆ ಕೊಡುವ ಆಸರೆ, ಅವೆಲ್ಲ ನನ್ನ ಪಾಲಿನವು. ಒಂದೊಂದನ್ನೂ ನೋಡಿ, ‘ಇನ್ನು ಭಾರ ಹಾಕಬಹುದು’ ಎಂಬ ಹಸಿರು ಕಾರ್ಡಿಗೆ ರುಜು ಮಾಡುವವನು ನಾನು. ಕೆಲಸ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ ಲಾರಿಗೆ ತುಂಬುತ್ತಾರೆ. "ಅಂದ್ರೆ ನೀವು ಮಾಡಿದ್ದು ಒಂದೂ ಉಳಿಯಲ್ಲ ಅನ್ನಿ" ಎಂದು ನನ್ನ ಹೆಂಡತಿ ಒಮ್ಮೆ ಹೇಳಿದ್ದಳು. ನಾನು ನಕ್ಕಿದ್ದೆ.

ಈ ರುಜುವಿನ ಅಧಿಕಾರ ಒಮ್ಮೆ ಸಿಕ್ಕರೆ ಸಾಯುವ ತನಕ ಇರುವಂಥದ್ದಲ್ಲ. ಮೂರು ವರ್ಷಕ್ಕೊಮ್ಮೆ ಮರುತರಬೇತಿಗೆ ಹೋಗಿ ಕೂರಬೇಕು. ಹೋಗದಿದ್ದರೆ ಕಂಪನಿಯವರು ಕಾರ್ಡು ಮುಟ್ಟಲು ಬಿಡುವುದಿಲ್ಲ. ಐವತ್ತು ದಾಟಿದ ಗಂಡಸರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಸಾಲಾಗಿ ಕೂತು, ಗೊತ್ತಿದ್ದದ್ದನ್ನೇ ಮತ್ತೆ ಕೇಳಿ, ಮಧ್ಯಾಹ್ನ ರೈಸ್‌ಬಾತು ತಿಂದು ತೂಕಡಿಸಿ, ಸಂಜೆ ಸರ್ಟಿಫಿಕೇಟ್ ಹಿಡಿದು ಫೋಟೋಗೆ ನಿಲ್ಲುವ ದಿನ ಅದು. ಅದನ್ನು ಗೇಲಿ ಮಾಡಿಕೊಂಡೇ ಬಂದವನು ನಾನು. ಈ ಸಲದ್ದು ನಂಜನಗೂಡಿನಲ್ಲಿ, ಫ್ಯಾಕ್ಟರಿಗಳ ಕಡೆಗಿರುವ ಒಂದು ಸಭಾಂಗಣದಲ್ಲಿತ್ತು.

ಒಂದು ವಾರ ಮೊದಲೇ ತರಬೇತಿ ಕೊಡುವ ಮೇಡಂ ಫೋನ್ ಮಾಡಿದ್ದರು. ಮೈಸೂರಿನವರು, ಮಾತು ಚುರುಕು. "ಸರ್, ಈ ಸಲ ಬರೀ ಪಾಠ ಬೇಡ. ಹೊರಗೆ ಅಂಗಳದಲ್ಲಿ ನಾಲ್ಕು ಜಾಕಿ ನಿಲ್ಲಿಸಿ ತೋರಿಸೋಣ. ಕೈ ಪಳಗಿದ ಸೆಂಟ್ರಿಂಗ್ ಮೇಸ್ತ್ರಿ ಯಾರಾದ್ರೂ ನಿಮಗೆ ಗೊತ್ತಾ?" ಎಂದು ಕೇಳಿದರು.

ಗೊತ್ತು ಎಂದೆ. ನರಸೀಪುರದಿಂದ ತಲಕಾಡಿನ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಅವರಿದ್ದಾರೆ. ಅರವತ್ತರ ಹತ್ತಿರದ ವಯಸ್ಸು, ಬಲಗಾಲು ಮೊಣಕಾಲಿನ ಕೆಳಗೆ ಸೊಟ್ಟ. ಒಂಬತ್ತು ವರ್ಷದಿಂದ ನಾನು ಅವರಿಗೆ ಇಂಥ ಚಿಲ್ಲರೆ ಕೆಲಸಗಳನ್ನು ಹುಡುಕಿ ಕೊಡುತ್ತಲೇ ಬಂದಿದ್ದೇನೆ. ಒಂದು ಗೋಡೌನಿನ ಕಾವಲು, ಒಂದು ಸೈಟಿನಲ್ಲಿ ಸಾಮಾನು ಎಣಿಸುವುದು, ಹೀಗೆ. ಎಷ್ಟು ಒಳ್ಳೆಯ ಮನುಷ್ಯರು ನೀವು ಎಂದು ಜನ ಹೇಳುವಾಗ ನನಗೆ ಮೈ ಪರಚಿಕೊಳ್ಳುವ ಹಾಗೆ ಆಗುತ್ತದೆ. ಯಾಕೆಂದರೆ ಆ ಕಾಲು ಸೊಟ್ಟಗಾದದ್ದು ನನ್ನಿಂದ.

ಅದು ನಂಜನಗೂಡಿನಲ್ಲೇ ಒಂದು ಫ್ಯಾಕ್ಟರಿಯ ಕ್ಯಾಂಟೀನ್ ಕಟ್ಟುತ್ತಿದ್ದಾಗಿನ ಮಾತು. ನಮ್ಮ ಕಡೆ ಮೋಲ್ಡ್ ಹಾಕುವ ದಿನ, ಅಂದರೆ ಛಾವಣಿಗೆ ಕಾಂಕ್ರೀಟ್ ಸುರಿಯುವ ದಿನ, ಮೊದಲ ಮರ್ಯಾದೆ ಮೇಸ್ತ್ರಿಗೆ. ಪೂಜೆ ಆದ ಮೇಲೆ ಕಟ್ಟಡದ ಯಜಮಾನರು ಅವರಿಗೆ ಪಂಚೆ, ಶಲ್ಯ, ತೆಂಗಿನಕಾಯಿ ಇಟ್ಟು ವೀಳ್ಯ ಕೊಡುತ್ತಾರೆ. ಆ ವೀಳ್ಯ ಕೈಗೆ ಬಂತು ಅಂದರೆ ಕೆಲಸ ಶುರು ಮಾಡುತ್ತೇನೆಂದು ಮಾತು ಕೊಟ್ಟ ಹಾಗೆ. ಅವತ್ತು ಶುಕ್ರವಾರ. ಹತ್ತೂವರೆಗೆ ರಾಹುಕಾಲ ಬರುತ್ತದೆ, ಅಷ್ಟರೊಳಗೆ ಮೊದಲ ಬಾಂಡ್ಲಿ ಕಾಂಕ್ರೀಟ್ ಬೀಳಲೇಬೇಕು ಎಂದು ಯಜಮಾನರ ಮನೆ ಪುರೋಹಿತರು ಹೇಳಿದ್ದರು.

ಒಂಬತ್ತೂವರೆ ಹೊತ್ತಿಗೆ ಮೇಸ್ತ್ರಿ ನನ್ನನ್ನು ಪಕ್ಕಕ್ಕೆ ಕರೆದರು. "ಸಾ, ಹಿಂದ್ಗಡೆ ಮೂಲೇಲಿ ಎಲ್ಡು ಜಾಕಿ ನಂಗೆ ಸಮಾಧಾನ ಇಲ್ಲ. ಅಲ್ಲಿರೋದು ತುಂಬಿದ್ ಮಣ್ಣು. ನೆನ್ನೆ ಮಳೆ ಬೇರೆ ಉಯ್ದದೆ. ಅದ್ರಡೀಕೆ ದಪ್ಪದ್ ಅಲ್ಗೆ ಕೊಟ್ಟು ತಿರ್ಗಾ ನಿಲ್ಲುಸ್ಬೇಕು. ಮಧ್ಯಾನದ್ ಗಂಟ ಟೈಮ್ ಕೊಡಿ."

ಮೇಲೆ ಹೂವಿನ ಹಾರ ಕಟ್ಟುತ್ತಿದ್ದರು. ಯಜಮಾನರ ಮನೆಯ ಹೆಂಗಸರು ರೇಷ್ಮೆ ಸೀರೆಯಲ್ಲಿ ಏಣಿ ಹತ್ತುತ್ತಿದ್ದರು. ಅವರ ಮುಂದೆ ಹೋಗಿ ಮುಹೂರ್ತ ಮುಂದೂಡಿ ಎನ್ನುವ ಗಂಡಸುತನ ನನ್ನಲ್ಲಿರಲಿಲ್ಲ. ನಾನು ಆ ಮೂಲೆಗೆ ಹೋಗಿ ಬಗ್ಗಿ ನೋಡಲೂ ಇಲ್ಲ. "ಶಾಸ್ತ್ರಕ್ಕೆ ಒಂದು ಬಾಂಡ್ಲಿ ಹಾಕಿಬಿಡೋಣ ಮೇಸ್ತ್ರಿ. ಆಮೇಲೆ ನಿಲ್ಲಿಸ್ತೀನಿ, ಆ ಎರಡು ಸರಿ ಮಾಡ್ಕೊಳ್ಳಿ" ಎಂದೆ. ಅವರು ತಲೆ ಕೆರೆದುಕೊಂಡು, "ನಿಲ್ಲುಸ್ತೀರಲ್ಲ ಸಾ?" ಎಂದು ಇನ್ನೊಮ್ಮೆ ಕೇಳಿದರು. ನಾನು ಹೂಂ ಎಂದು ಹಸಿರು ಕಾರ್ಡಿಗೆ ರುಜು ಹಾಕಿ ಕಂಬಕ್ಕೆ ಕಟ್ಟಿದೆ. ಅವರು ಮೇಲೆ ಹೋಗಿ ವೀಳ್ಯ ತೆಗೆದುಕೊಂಡರು.

ಕುಂಕುಮ ಹಚ್ಚಿದ ಬಾಂಡ್ಲಿಯಲ್ಲಿ ಮೊದಲ ಕಾಂಕ್ರೀಟ್ ಬಿತ್ತು. ಎಲ್ಲರೂ ಕೈ ಮುಗಿದರು. ಅಷ್ಟರಲ್ಲಿ ಕಾಂಕ್ರೀಟ್ ಲಾರಿ ರಿವರ್ಸ್ ಬಂದು ನಿಂತಿತ್ತು, ಪಂಪಿನವನು ಪಂಪ್ ಶುರು ಮಾಡಿದ. ಲಾರಿ ಕಾಯಿಸಿದರೆ ಮಾಲು ಗಟ್ಟಿಯಾಗುತ್ತದೆ, ಈ ಕಡೆಯಿಂದ ಸ್ವಲ್ಪ ಹೋಗಲಿ, ಆ ಮೂಲೆಗೆ ಬರುವ ಹೊತ್ತಿಗೆ ನಿಲ್ಲಿಸಿದರಾಯಿತು ಎಂದುಕೊಂಡೆ. ಒಂದು ಬಾಂಡ್ಲಿ ಹೋಗಿ ಅರ್ಧ ಛಾವಣಿ ಆಯಿತು. ಮೇಸ್ತ್ರಿ ಏಣಿಯ ಮೇಲಿಂದ ನನ್ನ ಮುಖ ನೋಡಿದರು. ನಾನು ಯಜಮಾನರ ಪಕ್ಕ ನಿಂತು ದೊನ್ನೆಯಲ್ಲಿ ಕೋಸಂಬರಿ ತಿನ್ನುತ್ತಿದ್ದೆ. ಇರಿ ಇರಿ ಎಂದು ಕೈ ಮಾಡಿದೆ. ಅವರು ಇನ್ನು ಕಾಯಲಿಲ್ಲ. ಒಂದು ಹಲಗೆ, ಒಂದು ಸುತ್ತಿಗೆ ಹಿಡಿದು ತಾವೇ ಕೆಳಗೆ ಇಳಿದು ಆ ಮೂಲೆಗೆ ಹೋದರು.

ಬಿದ್ದದ್ದು ಆ ಮೂಲೆಯಷ್ಟೇ. ಮೇಲಿದ್ದವರೆಲ್ಲ ಓಡಿ ಪಾರಾದರು. ಕೆಳಗಿದ್ದವರು ಅವರೊಬ್ಬರೇ. ಸೊಂಟದಿಂದ ಕೆಳಗೆ ಹಸಿ ಕಾಂಕ್ರೀಟು, ಕಬ್ಬಿಣ. ನಾವು ನಾಲ್ಕು ಜನ ಕೈಯಿಂದ ಬಾಚಿ ಬಾಚಿ ತೆಗೆದೆವು. ಅವರು ಕೂಗಲಿಲ್ಲ. ಕೋಸಂಬರಿಯ ಹಸಿಮೆಣಸಿನ ಖಾರ ಇನ್ನೂ ನನ್ನ ನಾಲಿಗೆಯ ಮೇಲಿತ್ತು, ಅದನ್ನು ನೆನೆದರೆ ನನಗೆ ಈಗಲೂ ಅಸಹ್ಯವಾಗುತ್ತದೆ.

ಕಂಪನಿಯವರು ವಿಚಾರಣೆ ಎಂದರು. ನಾನು ಅದಕ್ಕೆ ಮೊದಲು ಮೈಸೂರಿನ ಆಸ್ಪತ್ರೆಗೆ ಮೂಸಂಬಿ ತೆಗೆದುಕೊಂಡು ಹೋದೆ. ಸುಳ್ಳು ಹೇಳಿ ಎಂದು ನಾನು ಅವರನ್ನು ಕೇಳಲಿಲ್ಲ. ಅಷ್ಟು ಧೈರ್ಯವೂ ನನಗಿರಲಿಲ್ಲ. "ನನಗೆ ಇಬ್ಬರು ಹೆಣ್ಣುಮಕ್ಕಳು ಮೇಸ್ತ್ರಿ" ಎಂದು ಮಾತ್ರ ಹೇಳಿ ಕಿಟಕಿಯ ಕಡೆ ನೋಡುತ್ತಾ ಕೂತೆ. ಅವರು, "ವೀಳ್ಯ ಇಸ್ಕಂಡಿದ್ದು ನಾನಲ್ವಾ ಸಾ. ಇಸ್ಕಣ್ದೆ ಇದ್ದಿದ್ರೆ ಆಯ್ತಿತ್ತು. ಬುಡಿ" ಎಂದರು. ಮರುದಿನ ಕಂಪನಿಯವರು ಬಂದು ಕೇಳಿದಾಗ, ಜಾಕಿ ಸರಿಯಿದೆ ಎಂದು ಇಂಜಿನಿಯರಿಗೆ, ಅಂದರೆ ನನಗೆ, ತಾವೇ ಹೇಳಿದ್ದಾಗಿ ಒಪ್ಪಿಕೊಂಡರು. ನನಗೆ ಒಂದು ಎಚ್ಚರಿಕೆಯ ಪತ್ರ ಬಂತು, ಅಷ್ಟೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವ ಗಾದೆಯಲ್ಲಿ ಎತ್ತು ಏನಾಯಿತು ಎಂದು ಯಾರೂ ಕೇಳುವುದಿಲ್ಲ. ಅದು ಚೆನ್ನಾಗಿ ಮೇಯ್ದುಕೊಂಡು ಇತ್ತು.

ಅವರಿಗೆ ಆಮೇಲೆ ಯಾರೂ ಮೋಲ್ಡ್ ಕೆಲಸ ಕೊಡಲಿಲ್ಲ. ಕಾಲಿನ ಸಲುವಾಗಿ ಅಲ್ಲ, ಕುಂಟುತ್ತಾ ಮೇಸ್ತ್ರಿಕೆ ಮಾಡುವವರು ಎಷ್ಟೋ ಜನ ಇದ್ದಾರೆ. ‘ನೋಡದೆ ಸರಿಯಿದೆ ಅಂದವನು’ ಎಂಬ ಮಾತು ನಂಜನಗೂಡಿನಿಂದ ನರಸೀಪುರದವರೆಗೆ, ಆ ಕಡೆ ಸೋಮನಾಥಪುರದವರೆಗೆ ಅವರಿಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು.

ಇಷ್ಟಕ್ಕೇ ನಾನು ಬಿಟ್ಟಿದ್ದರೂ ಒಂದು ಮಾತು. ಹಿಂದಿನ ಸಲದ ಮರುತರಬೇತಿಯಲ್ಲಿ ಎಲ್ಲರಿಗೂ ಒಂದೊಂದು ಫಾರಂ ಕೊಟ್ಟು, ನಿಮ್ಮ ಅನುಭವದ ಒಂದು ಅವಘಡ ಬರೆಯಿರಿ ಎಂದಿದ್ದರು. ಪಕ್ಕದವರೆಲ್ಲ ತಲೆ ಬಗ್ಗಿಸಿ ಬರೆಯುತ್ತಿದ್ದರು, ನಾನೂ ಬರೆದೆ. ಅದೇ ಕ್ಯಾಂಟೀನು, ಅದೇ ಮೂಲೆ, ಅದೇ ಸುಳ್ಳು. ಇಷ್ಟು ವರ್ಷ ಹೇಳಿ ಹೇಳಿ ಅದು ನನ್ನ ಕೈಗೆ ರೂಢಿಯಾಗಿಹೋಗಿತ್ತು. ಇಂಥ ಫಾರಂಗಳನ್ನು ಯಾರು ಓದುತ್ತಾರೆ, ರದ್ದಿಗೆ ಹೋಗುತ್ತವೆ ಎಂದುಕೊಂಡಿದ್ದೆ.

ತರಬೇತಿಯ ದಿನ ಬೆಳಿಗ್ಗೆ ಮೇಸ್ತ್ರಿ ನನಗಿಂತ ಮೊದಲೇ ಬಸ್ಸಿನಲ್ಲಿ ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಅಂಗಳದಲ್ಲಿ ನಾಲ್ಕು ಜಾಕಿ ನಿಲ್ಲಿಸಿ, ತೂಕದ ಗುಂಡು ಬಿಟ್ಟು ನೆಟ್ಟಗಿದೆಯೇ ನೋಡುವುದನ್ನು, ಅಡಿಗೆ ಹಲಗೆ ಕೊಡುವುದನ್ನು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸದ್ದಿನಲ್ಲೇ ಯಾವ ಜಾಕಿ ಭಾರ ಹಿಡಿದಿದೆ, ಯಾವುದು ಸುಮ್ಮನೆ ನಿಂತಿದೆ ಎಂದು ಹೇಳುವುದನ್ನು ತೋರಿಸಿದರು. "ಇದು ಸೋಮಾರಿ ಕಣ್ರೀ, ಬರೀ ನಿಂತದೆ" ಎಂದು ಒಂದಕ್ಕೆ ತಟ್ಟಿದಾಗ ಎಲ್ಲರೂ ನಕ್ಕರು. ಮೂವತ್ತು ಜನ ಫೋನ್ ಹಿಡಿದು ವಿಡಿಯೋ ಮಾಡಿಕೊಂಡರು. ಮೇಡಂ ಅವರನ್ನು ಒಳಗೆ ಕರೆದು ಮುಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂರಿಸಿ ಕೈಗೆ ಚಹಾ ಕೊಟ್ಟರು. ನನಗೆ ಸಂತೋಷವಾಗಿತ್ತು. ಪಾಪದ ಲೆಕ್ಕದಲ್ಲಿ ಒಂದಿಷ್ಟು ತೀರಿತು ಎನ್ನುವಂಥ ಹೀನ ಸಂತೋಷ.

ಆಮೇಲೆ ಪರದೆಯ ಮೇಲೆ ಒಂದು ಚಿತ್ರ ಬಂತು. ಒಂದು ಛಾವಣಿ, ಹಿಂದಿನ ಮೂಲೆಯಲ್ಲಿ ಮಣ್ಣಿಗಿಳಿದ ಎರಡು ಜಾಕಿ. "ಇದು ನಮ್ಮ ಜಿಲ್ಲೆಯಲ್ಲೇ ನಡೆದದ್ದು. ನಿಮ್ಮಂಥವರೇ ಒಬ್ಬರು ಬರೆದು ಕೊಟ್ಟದ್ದು" ಎಂದು ಮೇಡಂ ಓದತೊಡಗಿದರು. "ಮೇಸ್ತ್ರಿಯು ತಾನು ಪರಿಶೀಲಿಸದೆ ಎಲ್ಲವೂ ಸರಿಯಿದೆ ಎಂದು ತಿಳಿಸಿದ್ದರಿಂದ..."

ಪದ ಪದವೂ ನನ್ನದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನನಗೆ ಕೈ ಎತ್ತಲೂ ಆಗಲಿಲ್ಲ. ನಾನು ಮೇಸ್ತ್ರಿಯ ಕಡೆ ನೋಡಿದೆ. ಅವರು ಲೋಟ ಹಿಡಿದುಕೊಂಡು ಆ ಚಿತ್ರವನ್ನೇ ನೋಡುತ್ತಿದ್ದರು. ಆ ಮೂಲೆ ಯಾವುದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೇಡಂಗೆ ಇದು ಯಾವುದೂ ಗೊತ್ತಿಲ್ಲ. ಅವರು ನಗುತ್ತಲೇ, "ನೀವು ಹೇಳಿ ಮೇಸ್ತ್ರಿ. ಆ ಮೇಸ್ತ್ರಿ ಅವತ್ತು ಏನು ಮಾಡಬೇಕಿತ್ತು?" ಎಂದು ಕೇಳಿದರು.

ಅವರು ಎದ್ದು ನಿಂತರು. "ಗಟ್ಟಿಯಾಗಿ ಯೋಳ್ಬೇಕಾಗಿತ್ತು ಕಣವ್ವಾ. ಅವನು ಮೆಲ್ಗೆ ಯೋಳ್ಬುಟ್ಟ."

"ಇಲ್ಲ, ಇಲ್ಲಿ ಅವನು ಹೇಳಲೇ ಇಲ್ಲ ಅಂತ ಇದೆ."

"ಅಂಗೇ ಬರ್ದವ್ರಾ?" ಎಂದರು. ಅಷ್ಟೇ. ನನ್ನ ಕಡೆ ತಿರುಗಲಿಲ್ಲ. ಕಾಲು ನೀಡಿ ಮತ್ತೆ ಕೂತುಕೊಂಡು, ಆರಿದ ಚಹಾ ಕುಡಿದರು.

ಅವರು ನನ್ನನ್ನು ಒಮ್ಮೆ ನೋಡಿದ್ದರೆ ನಾನು ಬಹುಶಃ ತಲೆ ತಗ್ಗಿಸಿ ಕೂತೇ ಇರುತ್ತಿದ್ದೆ. ನೋಡದೆ ಹೋದದ್ದು ತಡೆಯಲಾಗಲಿಲ್ಲ. ನಾನು ಎದ್ದು ನಿಂತು, ಅದನ್ನು ಬರೆದವನು ನಾನು, ಬರೆದದ್ದು ಸುಳ್ಳು, ಮೇಸ್ತ್ರಿ ಹೇಳಿದ್ದರು, ಎರಡು ಸಲ ಹೇಳಿದ್ದರು, ನೋಡದೆ ರುಜು ಹಾಕಿದವನು ನಾನು, ಆ ಮೇಸ್ತ್ರಿ ಇವರೇ ಎಂದೆ. ಒಂದೇ ಉಸಿರಿಗೆ ಹೇಳಿದೆನೋ ನಿಂತು ನಿಂತು ಹೇಳಿದೆನೋ ನೆನಪಿಲ್ಲ. ಮೇಡಂ ಪರದೆ ಆರಿಸಿ, "ಕೂತ್ಕೊಳ್ಳಿ ಸರ್, ನೀರು ಕುಡೀರಿ" ಎಂದರು. ಇದನ್ನು ಕಂಪನಿಗೆ ತಿಳಿಸಲೇಬೇಕಾಗುತ್ತದೆ ಎಂದೂ ಆಮೇಲೆ ಹತ್ತಿರ ಬಂದು ಮೆಲ್ಲಗೆ ಹೇಳಿದರು. ತಿಳಿಸಿ ಎಂದೆ.

ಊಟದ ಹೊತ್ತಿನಲ್ಲಿ ಜನ ಬಂದು ನನ್ನ ಕೈ ಕುಲುಕಿದರು. ದೊಡ್ಡ ಮನಸ್ಸು ಸರ್, ಯಾರಿಗೆ ಬರುತ್ತೆ ಈ ಧೈರ್ಯ ಎಂದರು. ನಾಚಿಕೆಯ ಮಾತೆಂದರೆ ನನಗೆ ನಿಜವಾಗಿಯೂ ಮೈ ಹಗುರಾಗಿತ್ತು. ಒಂಬತ್ತು ವರ್ಷದಲ್ಲಿ ಅವತ್ತು ಮೊದಲ ಸಲ ನನಗೆ ಊಟ ರುಚಿಸಿತು. ಎರಡನೇ ಸಲ ಬಡಿಸಿಕೊಂಡೆ.

ಸಂಜೆ ನಾಲ್ಕರ ಹೊತ್ತಿಗೆ ಮೇಸ್ತ್ರಿ ಅಂಗಳದಲ್ಲಿ ಜಾಕಿಗಳನ್ನು ಬಿಚ್ಚಿ ಮಲಗಿಸುತ್ತಿದ್ದರು. ನಾನು ಹೋಗಿ ಕೈ ಮುಗಿದೆ. ಅವರು ಸಿಟ್ಟಿನಲ್ಲಿದ್ದರು. ಅಷ್ಟು ವರ್ಷದಲ್ಲಿ ಅವರ ಸಿಟ್ಟನ್ನು ನಾನು ನೋಡಿರಲಿಲ್ಲ.

"ಇವ್ರ್ ಮುಂದೆ ಯೋಳುದ್ರಲ್ಲ ಸಾ, ಇವ್ರ್ಯಾರು ನಂಗೆ? ನಾಳೀಕೆ ಇವ್ರಲ್ಲಿ ಒಬ್ರು ನಮ್ ಮನೆ ಬಾಗ್ಲಿಗೆ ಬತ್ತಾರಾ? ಮನೇಲಿ ಎಂಡ್ರು ಅವ್ಳೆ. ಯೋಳಂಗಿದ್ರೆ ಬಂದು ಅವ್ಳಿಗೆ ಯೋಳಿ."

"ನೀವು ಹೇಳಿಲ್ವಾ ಅವರಿಗೆ?"

"ಆಸ್ಪತ್ರೇಲಿ ನಿಮಗ್ ಮಾತು ಕೊಟ್ನಲ್ಲ. ಆಮ್ಯಾಕೆ ಯೋಳುದ್ರೆ ನೆಪ ಯೋಳ್ತಾನೆ ಅಂತಾಳೆ. ಸುಮ್ಕೆ ಇದ್ಬುಟ್ಟೆ."

ನನ್ನ ಸ್ಕೂಟರಿನ ಹಿಂದೆ ಅವರು ಕೂತರು. ಬಲಗಾಲು ಮಡಿಸಲು ಬಾರದು, ದಾರಿಯುದ್ದಕ್ಕೂ ಅದನ್ನು ಪಕ್ಕಕ್ಕೆ ಚಾಚಿಕೊಂಡೇ ಇದ್ದರು. ಎದುರಿಗೆ ಲಾರಿ ಬಂದಾಗಲೆಲ್ಲ ನಾನು ರಸ್ತೆಯ ಅಂಚಿಗೆ ಇಳಿಸಿದೆ. ನರಸೀಪುರ ದಾಟಿ, ಹೊಳೆ ದಾಟಿ, ಗದ್ದೆ ಬಯಲಿನ ನಡುವೆ ಅವರ ಹಳ್ಳಿಗೆ ಹೋದೆವು.

ಅವರ ಹೆಂಡತಿ ನಾಟಿ ಕೆಲಸದಿಂದ ಆಗಷ್ಟೇ ಬಂದು ಬಾಗಿಲಲ್ಲಿ ಕಾಲಿನ ಕೆಸರು ತೊಳೆಯುತ್ತಿದ್ದರು. ಗಂಡನ ಕೆಲಸ ನಿಂತ ಮೇಲೆ ಆಕೆ ಬೇರೆಯವರ ಗದ್ದೆಗೆ ಹೋಗುತ್ತಾರೆ. ನನ್ನನ್ನು ನೋಡಿ ಸೆರಗು ಸರಿ ಮಾಡಿಕೊಂಡು, "ಬನ್ನಿ ಸಾಮಿ, ಕುಂತ್ಕಳಿ" ಎಂದು ಚಾಪೆ ಹಾಕಿದರು. ಗಂಡನಿಗೆ, "ಏನ್ ಬೀಳುಸ್ಬುಟ್ಟು ಬಂದೆ ಇವತ್ತು, ನಂಜನಗೂಡ್ನಲ್ಲಿ?" ಎಂದು ಕೇಳಿ ನಕ್ಕರು. ಒಳಗೆ ಕಾಫಿ ಇಡುವಾಗ ಏನೋ ಪಾತ್ರೆ ಬಿದ್ದ ಸದ್ದಾಯಿತು. "ನೋಡು, ನೀನು ಜಾಕಿ ಕೊಟ್ಟಿದ್ದು ಅಂತ ಕಾಣ್ತದೆ" ಎಂದು ಅಲ್ಲಿಂದಲೇ ಕೂಗಿದರು. ಅದು ಆ ಮನೆಯ ದಿನನಿತ್ಯದ ತಮಾಷೆ ಎಂದು ನನಗೆ ತಿಳಿಯಿತು. ಮೇಸ್ತ್ರಿ ಅಭ್ಯಾಸದಂತೆ ನಕ್ಕರು. ಆ ನಗು ನೋಡಿದ ಮೇಲೆ ನಾನು ಹೇಳದೆ ಎದ್ದು ಹೋಗುವ ಹಾಗಿರಲಿಲ್ಲ.

ಆಕೆ ಕಾಫಿ ತಂದಿಟ್ಟ ಮೇಲೆ ಹೇಳಿದೆ. ಮುಹೂರ್ತ, ಕಾರ್ಡು, ಬಾಂಡ್ಲಿ, ಆಸ್ಪತ್ರೆ, ಎಲ್ಲ. ಬಯ್ಯುತ್ತಾರೆ ಎಂದು ಕಾದೆ. ಚಪ್ಪಲಿ ತೆಗೆದುಕೊಂಡರೂ ಸರಿ ಎನ್ನಿಸಿತ್ತು.

ಆಕೆ ನನ್ನನ್ನು ಬಯ್ಯಲಿಲ್ಲ. "ಅಂದ್ರೆ ಇವ್ರು ಯೋಳಿದ್ರಾ?" ಎಂದು ಕೇಳಿದರು.

"ಹೇಳಿದ್ರು ಅಕ್ಕ. ಹಲಗೆ ಕೊಡಬೇಕು, ಟೈಮ್ ಕೊಡಿ ಅಂದಿದ್ರು. ಕೊಡದೆ ಇದ್ದವನು ನಾನು."

ಆಕೆ ಗಂಡನ ಕಡೆ ತಿರುಗಿದರು. "ನಾನು ಇಷ್ಟು ವರ್ಸ ಆಡ್ಕಂಡೆನಲ್ಲ, ಬಾಯ್ ಬುಡ್ಲಿಲ್ವಲ್ಲ ನೀನು."

"ಆಡ್ಕೊಳ್ಳಾಕೆ ನಿಂಗೂ ಒಂದು ಇರ್ಲಿ ಅಂತ ಬುಟ್ಟೆ" ಎಂದು ಅವರು ಹಗುರ ಮಾಡಲು ನೋಡಿದರು.

ಆಕೆ ನಗಲಿಲ್ಲ. ಗೋಡೆಗೆ ಒರಗಿ ಕೂತುಬಿಟ್ಟರು. ಆಮೇಲೆ ನನ್ನ ಕಡೆ ನೋಡಿ ಮಾತಾಡಿದರು. "ಮಗಳ್ ಮದ್ವೇಲಿ ಈ ಬಾಗ್ಲಲ್ಲೇ ಚಪ್ರ ಆಕ್ತಿದ್ರು ಸಾಮಿ. ಎಣ್ಣಿನ ಅಪ್ಪ ಅಂತ ಇವ್ರು ಮೊದಲ್ನೇ ಕಂಬ ನೆಡಾಕೆ ಓದ್ರು. ಬೀಗ್ರು ಎಲ್ಲಾ ನಿಂತಿದ್ರು. ನೀನ್ ಮುಟ್ಬ್ಯಾಡ, ನೀನ್ ಮುಟ್ಟುದ್ರೆ ಬಿದ್ದೋಯ್ತದೆ ಅಂತ ನಾನೇ ಅಂದ್ಬುಟ್ಟೆ. ಎಲ್ರೂ ನಕ್ರು. ಇವ್ರು ಕಂಬ ಬುಟ್ಟು ಇತ್ಲಾಗ್ ಓಗಿ ಕುಂತವ್ರು, ದಾರೆ ಎರೆಯೋ ಗಂಟ ಎದ್ದು ಬರ್ಲಿಲ್ಲ." ಆಕೆ ಬಾಗಿಲ ಕಡೆ ನೋಡಿದರು. "ಆ ಮಾತ್ನ ಈಗ ನಾನು ಎಂಗ್ ಸಾಮಿ ವಾಪಸ್ ತಕಳ್ಳದು?"

ಮಧ್ಯಾಹ್ನ ಎರಡನೇ ಸಲ ಬಡಿಸಿಕೊಂಡು ಉಂಡವನು ನಾನೇ ಎಂದು ನನಗೆ ನಂಬಲಾಗಲಿಲ್ಲ. ನನ್ನ ಮೈಯಿಂದ ಇಳಿದದ್ದು ಎಲ್ಲಿಗೂ ಹೋಗಿರಲಿಲ್ಲ, ದಿನವಿಡೀ ಬಗ್ಗಿ ನಾಟಿ ಹಾಕಿ ಬಂದ ಈ ಹೆಂಗಸಿನ ಮೇಲೆ ಬಂದು ಕೂತಿತ್ತು. ಆಕೆ ತಪ್ಪೇ ಮಾಡಿರಲಿಲ್ಲ. ನನ್ನ ಸುಳ್ಳನ್ನು ನಂಬಿದ್ದರು, ಅಷ್ಟೇ.

ಮೇಸ್ತ್ರಿ ಕುಂಟುತ್ತಾ ಎದ್ದು ಹೋಗಿ ಹೆಂಡತಿಯ ಪಕ್ಕ ಕೂತರು. ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡು ಇನ್ನೊಂದು ಕೈಯನ್ನು ಆ ಸೊಟ್ಟ ಕಾಲಿನ ಮೇಲೆ ಇಟ್ಟರು. ನಾನು ಹೋಗಲೋ ಕೂರಲೋ ತಿಳಿಯದೆ ಲೋಟ ಹಿಡಿದುಕೊಂಡಿದ್ದೆ.

"ಆರೋಯ್ತದೆ ಸಾ, ಕುಡೀರಿ" ಎಂದರು ಮೇಸ್ತ್ರಿ.

ಅವರಿಬ್ಬರ ಎದುರಿಗೆ ಕೂತು ನಾನು ಅದನ್ನು ಕೊನೆಯ ಗುಟುಕಿನವರೆಗೆ ಕುಡಿದೆ.